ಕುರ್ಚಿಯಿಂದ ಬಿದ್ದ ಇನ್‌ಸ್ಪೆಕ್ಟರು

ಸಿರುಗುಪ್ಪದ ಶಾಲೆಯಲ್ಲಿ ಕಾಡಸಿದ್ದಪ್ಪ ಮೇಷ್ಟ್ರು ಯಾವ ಪಾಠವನ್ನೂ ಪುಸ್ತಕದಿಂದ ಶುರು ಮಾಡಿದವರಲ್ಲ. ಹಿಂದೆ ಅದೇ ಬೆಂಚಿನ ಮೇಲೆ ಕೂತಿದ್ದವರ ಕತೆಯಿಂದಲೇ ಶುರು. ಮದುವೆಯಾಗಿ ಕುರುಗೋಡು ಸೇರಿದವರು, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟವರು, ಎಲ್ಲರೂ ಅವರ ಬಾಯಲ್ಲಿ ಇನ್ನೂ ನಾಲ್ಕನೇ ತರಗತಿಯಲ್ಲೇ ಇದ್ದರು.

ಹೆಚ್ಚು ಹೆಸರಾದದ್ದು ಹುಲುಗಮ್ಮನ ಕತೆ. ಅರವತ್ತಮೂರನೇ ಇಸವಿಯಲ್ಲಿ ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು, "ತುಂಗಭದ್ರೆ ಎಲ್ಲಿ ಹುಟ್ಟುತ್ತಾಳೆ?" ಎಂದು ಕೇಳಿದರು. ಕಾಲುವೆಗೆ ನೀರು ಬಿಡುವ ನೀರುಗಂಟಿಯ ಮಗಳು ಹುಲುಗಮ್ಮ ಎದ್ದು ನಿಂತು, "ನಮ್ಮಪ್ಪ ತೂಬು ಎತ್ತಿದ್ರ ಹುಟ್ತಾಳ್ರಿ" ಎಂದಳು. ಮೇಷ್ಟ್ರು ಈ ಕತೆ ಹೇಳಿದ ಮೊದಲ ವರ್ಷ ಇನ್‌ಸ್ಪೆಕ್ಟರು ಬರೀ ಕೆಮ್ಮಿದ್ದರು. ಬರಬರುತ್ತಾ ನಕ್ಕರು, ಬೆವತರು, ಕಡೆಗೆ ಕುರ್ಚಿ ಸಮೇತ ಬಿದ್ದರು. ಮೇಷ್ಟ್ರೇನೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೇ ನೆನಪಿತ್ತು.

ಮೇಷ್ಟ್ರು ರಿಟೈರಾಗುವ ವರ್ಷ ಹುಲುಗಮ್ಮ ಅದೇ ಶಾಲೆಗೆ ಟೀಚರಾಗಿ ಬಂದಳು. ಬಂದವಳು ಕೈ ಮುಗಿದು ಕೇಳಿದ್ದು ಒಂದೇ.

"ಮೇಷ್ಟ್ರೇ, ನನ್ನ ಕತಿ ಇನ್ನ ಹೇಳಬ್ಯಾಡ್ರಿ. ಹುಡುಗ್ರು ನನ್ನ ಮುಂದ ಕುಂತು ನಗ್ತಾವ."

"ಹೆಸರು ಬದಲು ಮಾಡ್ತೀನವ್ವ."

"ನೀರುಗಂಟಿ ಮಗಳು ಅಂದ್ರ ಯಾರಂತ ಊರಿಗೆ ಗೊತ್ತಿಲ್ಲೇನ್ರಿ?"

ಹೆಂಡತಿಯ ಒಡವೆ ಕೇಳಿದ್ದರೂ ಮೇಷ್ಟ್ರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಆದರೂ ಆಗಲಿ ಎಂದರು.

ತುಂಗಭದ್ರೆಯ ಪಾಠ ಬಂತು. ಮೇಷ್ಟ್ರು ಪುಸ್ತಕ ತೆರೆದು ಓದತೊಡಗಿದರು. ಅಣ್ಣ ಅಕ್ಕಂದಿರಿಂದ ಮೊದಲೇ ಸುದ್ದಿ ತಿಳಿದಿದ್ದ ಮಕ್ಕಳು, "ತೂಬಿನ ಕತಿ ಹೇಳ್ರಿ" ಎಂದು ದುಂಬಾಲು ಬಿದ್ದವು.

"ಅಂಥಾದ್ದೇನೂ ನಡದಿಲ್ರಪ್ಪ" ಎಂದರು ಮೇಷ್ಟ್ರು.

ಪಕ್ಕದ ತರಗತಿಗೂ ಇದಕ್ಕೂ ನಡುವೆ ಇದ್ದದ್ದು ಬಿದಿರಿನ ತಡಿಕೆ. ಹುಲುಗಮ್ಮನಿಗೆ ಎಲ್ಲ ಕೇಳಿಸಿತು. ಸೀಮೆಸುಣ್ಣ ಕೆಳಗಿಟ್ಟು ಈಚೆ ಬಂದಳು.

"ನಡದೈತಿ. ಆ ಹುಡುಗಿ ನಾನ" ಎಂದಳು. "ಸಾಹೇಬ್ರು ಬೈದ್ರು, ನಾನು ಅತ್ತುಬಿಟ್ಟೆ. ಮೇಷ್ಟ್ರು ‘ಆಕಿ ಕಂಡಿದ್ದು ಹೇಳ್ಯಾಳ್ರಿ’ ಅಂದು ತಾವೂ ಬೈಸ್ಕೊಂಡ್ರು. ಮರುದಿನ ಎಲ್ಲಾರನ್ನೂ ಕಾಲುವಿಗೆ ಕರಕೊಂಡು ಹೋಗಿ ನಮ್ಮಪ್ಪನ್ನ ತೋರಿಸಿ, ‘ಇವತ್ತು ಇವರೇ ನಿಮ್ಮ ಮೇಷ್ಟ್ರು, ಕೈ ಮುಗೀರಿ’ ಅಂದ್ರು. ಟೀಚರ್ ಆಗಬೇಕು ಅಂತ ನನಗ ಅನಿಸಿದ್ದು ಅವತ್ತ."

ಮೇಷ್ಟ್ರಿಗೆ ಇದ್ಯಾವುದೂ ನೆನಪಿರಲಿಲ್ಲ. ಇಷ್ಟು ವರ್ಷ ಹೇಳಿದ ಕತೆಯಲ್ಲಿ ತಾವೇ ಇರಲಿಲ್ಲವಲ್ಲ ಎಂದು ಮಕ್ಕಳ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು.

ಮುಂದೆ ಕೂತ ಹುಡುಗಿಗೆ ಸಮಾಧಾನವಾಗಲಿಲ್ಲ. "ಹಂಗಾರ ಸಾಹೇಬ್ರು ಬೀಳಲಿಲ್ಲೇನ್ರಿ?"

ಹುಲುಗಮ್ಮ ಮೇಷ್ಟ್ರ ಮುಖ ನೋಡಿದಳು.

"ಬಿದ್ರವ್ವ" ಎಂದಳು. "ಕುರ್ಚಿ ಸಮೇತ ಬಿದ್ರು."