ಧಾಮಣೆ ಹಾಲ್ಟಿನ ಮರೆಮ್ಮ

ಮುಂಬೈ ಹೊರವಲಯದ ದಿವಾದಿಂದ ಪನವೇಲ್ ಕಡೆಗೆ ಹೋಗುವ ಹಳಿಯಲ್ಲಿ, ಗುಡ್ಡದ ತಿರುವು ಮುಗಿಯುವಲ್ಲೇ ಧಾಮಣೆ ಹಾಲ್ಟ್ ಇತ್ತು. ಇಟ್ಟಿಗೆಯ ಒಂದು ಕೋಣೆ, ಎರಡು ಬದಿಗೆ ತಗ್ಗಾದ ಪ್ಲಾಟ್‌ಫಾರ್ಮು, ಅಷ್ಟೆ. ರಾಯಚೂರು ಕಡೆಯ ಮರೆಮ್ಮ ಗಂಡ ಯಂಕಣ್ಣನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು ಹಳಿಯ ಪಕ್ಕದ ಸಾಲುಮನೆಗಳ ಚಾಳಿನಲ್ಲಿ ಸಂಸಾರ ಹೂಡಿದಾಗ, ಆ ಕೋಣೆಯಲ್ಲಿ ಸಂಕರ್ಷಣ ಎಂಬ ಟಿಕೆಟ್ ಬಾಬು ಕೂರುತ್ತಿದ್ದರು. ನಿಲ್ಲದೆ ಹೋಗುವ ಗಾಡಿ ಬರುವುದಿದ್ದರೆ ಹೊರಗೆ ಬಂದು, "ಹಳಿ ಬಿಡ್ರೀ, ಗಾಡಿ ಬರ್ತದೆ" ಎಂದು ಕೂಗುತ್ತಿದ್ದರು. ಅವರು ನಿವೃತ್ತರಾದ ಮೇಲೆ ಯಾರೂ ಬರಲಿಲ್ಲ. ಟಿಕೆಟ್ ಕಿಟಕಿಗೆ ಇಟ್ಟಿಗೆ ಕಟ್ಟಿದರು. ಗೂಡ್ಸ್ ಗಾಡಿಗಳು ಹೇಳದೆ ಕೇಳದೆ ತಿರುವಿನಿಂದ ನುಗ್ಗತೊಡಗಿದವು.

2008ರ ಮಳೆಗಾಲದಲ್ಲಿ ಯಂಕಣ್ಣ ಕೆಲಸಕ್ಕೆ ಹೊರಟವನು ಹಳಿ ದಾಟುವಾಗ ಅಂಥದೊಂದು ಗಾಡಿಗೆ ಸಿಕ್ಕಿದ. ಅವನು ಮರೆತ ರೊಟ್ಟಿ ಡಬ್ಬಿ ಹಿಡಿದು ಹಿಂದೆಯೇ ಓಡಿಬಂದ ಮರೆಮ್ಮನ ಕಣ್ಣೆದುರೇ ಅದು ಆಯಿತು.

ಆಮೇಲೆ ಅವಳು ಹಳಿಯ ಮೇಲೆ ಕಾಲಿಡಲಿಲ್ಲ. ಆಚೆ ಬದಿಯ ಕೆಲಸಕ್ಕೂ ಮೋರಿಯ ಕೆಳಗಿನಿಂದ ದೂರದ ದಾರಿ ಸುತ್ತಿ ಹೋಗುತ್ತಿದ್ದಳು. ಹಾರ್ನ್ ಕೇಳಿದರೆ ಒಲೆ ಬಿಟ್ಟೆದ್ದು ಬಾಗಿಲಿಗೆ ಬರುತ್ತಿದ್ದಳು, ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

ಎರಡು ವರ್ಷ ಕಳೆದಿರಬೇಕು. ಜಡಿಮಳೆಯ ಬೆಳಿಗ್ಗೆ. ಹೊಸ ಬಿಲ್ಡಿಂಗಿನ ಉಡುಪಿ ಕಡೆಯವರ ಮಗಳು ಅಶ್ಮಿತಾ, ಕಾಲೇಜು ಹುಡುಗಿ, ಕೊಡೆ ಬಗ್ಗಿಸಿಕೊಂಡು ಕಿವಿಗೆ ಹಾಡು ಸಿಕ್ಕಿಸಿಕೊಂಡು ಹಳಿಗೆ ಇಳಿದಳು. ಚಾಳಿನ ಬಾಗಿಲಲ್ಲಿ ನಿಂತಿದ್ದ ಮರೆಮ್ಮನ ಅಂಗಾಲಿಗೆ ನೆಲದ ನಡುಕ ತಾಗಿತು. ತಿರುವಿನಲ್ಲಿ ಮಸುಕಾಗಿ ಬೆಳಕು ಕಂಡಿತು. ಕೂಗಲು ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ. ಹುಡುಗಿ ಹಳಿಯ ನಡುವೆ ಜಾರಿ ಮೊಣಕಾಲೂರಿದಳು. ಆಗ ಮರೆಮ್ಮ ಓಡಿದಳು. ಬ್ಯಾಗಿನ ಪಟ್ಟಿಗೆ ಕೈಹಾಕಿ ಎಳೆದಳು. ಇಬ್ಬರೂ ಜಲ್ಲಿಯ ಮೇಲೆ ಉರುಳಿಬಿದ್ದರು. ಗಾಡಿಯ ಗಾಳಿ ಮುಖಕ್ಕೆ ಬಡಿಯಿತು.

"ಯವ್ವಾ, ಕಿವಿ ಕೇಳಸಂಗಿಲ್ಲೇನು ನಿನಗ?" ಮರೆಮ್ಮನ ದನಿ ಈಗ ಹೊರಬಂತು.

ಹುಡುಗಿ ಹಿಂದಿಯಲ್ಲಿ ಏನೋ ತೊದಲಿ, ಕೊನೆಗೆ ಮರಾಠಿ ಮಂದಿ ಚಿಕ್ಕಮ್ಮನನ್ನು ಕರೆಯುವ ಹಾಗೆ, "ಮಾವಶಿ, ಗೊತ್ತೇ ಆಗ್ಲಿಲ್ಲ" ಎಂದು ಅವಳನ್ನು ತಬ್ಬಿ ಅತ್ತಳು.

ಮರುದಿನದಿಂದ ಕೆಲಸಕ್ಕೆ ಹೋಗುವ ಮುಂಚೆ ಮರೆಮ್ಮ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲತೊಡಗಿದಳು. "ನಿಂದರ್ರೀ, ಗಾಡಿ ಬಂತು!" ಎಂದು ಕೂಗುವಳು. ಮೊದಮೊದಲು ಜನ ಹುಚ್ಚಿ ಎಂದರು. ಆಮೇಲೆ ಅವಳ ದನಿಗೆ ಕಾಯತೊಡಗಿದರು. ಗಾಡಿ ಎದುರಿಗೆ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುವಳು. ಅದು ಒಂದು ದಿನವೂ ತಪ್ಪಲಿಲ್ಲ.

2016ರಲ್ಲಿ ಪಾದಚಾರಿ ಸೇತುವೆ ಆಯಿತು. ಅಶ್ಮಿತಾ ಅವಳನ್ನು ಕೈಹಿಡಿದು ಹತ್ತಿಸಿದಳು. ನಡುವಿಗೆ ಬಂದಾಗ ಕೆಳಗೆ ಗೂಡ್ಸ್ ನುಗ್ಗಿತು, ಸೇತುವೆ ಅದುರಿತು. ಮರೆಮ್ಮ ಕಂಬಿ ಹಿಡಿದು ಕುಸಿದು ಕೂತು ಕಣ್ಣು ಮುಚ್ಚಿದಳು.

"ಗಾಡಿದು ಕಡೀ ಡಬ್ಬಿ ಹೋತೇನವ್ವಾ?"

"ಇಲ್ಲ ಮಾವಶಿ, ಇನ್ನೂ ಉಂಟು" ಎಂದು ಅಶ್ಮಿತಾ ಪಕ್ಕದಲ್ಲೇ ಕೂತಳು.