ಹಿಂದಿನ ಗಾಜಿನ ನಾಲ್ಕು ಗೆರೆ

ಅನುಮಾನ ನನಗೆ ಹುಟ್ಟುಗುಣ. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ಬದನೆಕಾಯಿ ನೋಡುವುದಿಲ್ಲ, ಅವಳ ಬೆರಳು ನೋಡುತ್ತೇನೆ. ಇಂಥವನು ಹಳೇ ಕಾರು ಕೊಂಡರೆ ಹೇಗಿರಬೇಡ! ರಾಮನಗರದ ಆಚೆ ಹೊಲಗಳಿದ್ದ ಕಡೆಯೆಲ್ಲ ಕಾರ್ಖಾನೆಗಳು ಎದ್ದು, ಅವುಗಳಲ್ಲೊಂದರಲ್ಲಿ ನನಗೆ ಸ್ಟೋರ್ ಕೆಲಸ ಸಿಕ್ಕಿದ ಕಾಲ. ಬೆಳಗಿನ ಪಾಳಿಗೆ ಚನ್ನಪಟ್ಟಣದಿಂದ ಹೋಗಿಬರಲು ಬೆಂಗಳೂರಿನವರೊಬ್ಬರ ಕಾರು ತಂದೆ. ಹಿಂದಿನ ಗಾಜಿನ ಒಳಮೈಗೆ ಕಂದು ಬಣ್ಣದ ತೆಳ್ಳನೆಯ ಅಡ್ಡಗೆರೆಗಳಿದ್ದವು. ಮಾರಿದವರು ಗಾಜಿಗೆ ಉಸಿರು ಬಿಟ್ಟು, ಗುಂಡಿ ಒತ್ತಿ, ಗೆರೆಗಳು ಬಿಸಿಯಾಗಿ ಹಬೆ ಕರಗುವುದನ್ನು ತೋರಿಸಿದ್ದರು. ನಾನು ಎರಡೆರಡು ಸಲ ತೋರಿಸಿಕೊಂಡಿದ್ದೆ.

ಮಂಜು ಬೀಳುವ ತಿಂಗಳು ಬಂತು. ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಗುಂಡಿ ಒತ್ತಿದೆ. ಗಾಜಿನ ಕೆಳಭಾಗ ತಿಳಿಯಾಯಿತು. ಮೇಲೆ, ಸರಿಯಾಗಿ ಲಾರಿಯ ಮುಖ ಕಾಣಬೇಕಾದ ಕಡೆ, ನಾಲ್ಕು ಗೆರೆಯಷ್ಟು ಅಗಲ ಹಬೆ ಹಾಗೇ ಕೂತಿತ್ತು. ಬೆನ್ನ ಹಿಂದೆ ಹಾರನ್ ಕೇಳುತ್ತಿತ್ತು, ಬರುತ್ತಿರುವುದು ಏನೆಂದು ಗೊತ್ತಾಗಲಿಲ್ಲ. ಕಾರನ್ನು ರಸ್ತೆಯ ಅಂಚಿಗೆ ತೆಗೆದುಕೊಂಡೆ. ಮರುಕ್ಷಣವೇ ನನ್ನ ತಲೆಗೆ ಬಂದವನು ನನ್ನ ಗೆಳೆಯ.

ಅವನು ನನ್ನ ಜೊತೆ ಶಾಲೆ ಕಲಿತವನು. ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ. ದೀಪಾವಳಿಗೆ ಮುಂಚೆ ಆ ಗಾಜಿನ ಬುಡದಲ್ಲೇ ಎರಡು ಸ್ಪೀಕರ್ ಕೂರಿಸಿಕೊಟ್ಟಿದ್ದ. ಆಗ ನಾನು ಕಾಫಿಗೆ ಹೋಗಿದ್ದೆ. ಆ ಅರ್ಧ ಗಂಟೆ ಈಗ ನನ್ನ ತಲೆ ಕೊರೆಯತೊಡಗಿತು. ಒಳ್ಳೆಯ ತಂತಿ ಎಳೆದುಕೊಂಡು ಯಾವುದೋ ಕಚಡಾ ತಂತಿ ಸಿಕ್ಕಿಸಿದ್ದಾನೆ ಎಂದು ತೀರ್ಮಾನಿಸಿಯೇ ಅವನ ಅಂಗಡಿಗೆ ಹೋದೆ.

"ಸ್ಪೀಕರ್ ಹಾಕುವಾಗ ಏನಾರ ಕಿತ್ತೇನ್ಲಾ?" ಎಂದೆ.

ಕೈ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. "ಆ ಗಾಜಿನ ತಂಟೆಗೇ ನಾನು ಹೋಗಿಲ್ಲ ಕಣ್ಲಾ. ಇವತ್ತು ಒಸಿ ಕೆಲ್ಸ ಐತೆ, ನಾಳಿಕ್ಕೆ ತತ್ತಾ, ನೋಡ್ತೀನಿ."

ಇವತ್ತೇ ಯಾಕೆ ನೋಡಬಾರದು? ಕೈ ಒರೆಸುವುದನ್ನು ನಿಲ್ಲಿಸಿದ್ದೇಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಎದುರಿನ ಹೋಟೆಲಿನಲ್ಲಿ ಕೂತು, ಜೊತೆಗಿದ್ದವರಿಗೆ, "ಅವನ ತಾವ ಗಾಡಿ ಬುಟ್ಟು ಈಚೆಗೆ ಬರಬ್ಯಾಡಿ, ಒಳಗಿಂದು ಏನು ಕಿತ್ಕತಾನೋ ಗೊತ್ತಾಗಕ್ಕಿಲ್ಲ" ಎಂದು ಹೇಳಿಯೂಬಿಟ್ಟೆ. ಪಕ್ಕದ ಮೇಜಿನಲ್ಲಿ ಕಾರ್ಖಾನೆಗಳಿಗೆ ಜನ ಸಾಗಿಸುವ ವ್ಯಾನುಗಳ ಮಾಲೀಕ ಇಡ್ಲಿ ತಿನ್ನುತ್ತಿದ್ದ. ಅವನ ಅಷ್ಟೂ ವ್ಯಾನುಗಳ ವೈರಿಂಗ್ ಕೆಲಸ ನನ್ನ ಗೆಳೆಯನಿಗೆ ಸಿಗುವ ಮಾತು ನಡೆದಿತ್ತು. ಸಿಕ್ಕರೆ ಪಕ್ಕದ ಮಳಿಗೆಯನ್ನೂ ಹಿಡಿಯುತ್ತೇನೆ ಎಂದು ಗೆಳೆಯ ನನ್ನ ಹತ್ತಿರವೇ ಆಸೆಯಿಂದ ಹೇಳಿಕೊಂಡಿದ್ದ. ಅದೆಲ್ಲ ಗೊತ್ತಿದ್ದೂ ನಾನು ದನಿ ತಗ್ಗಿಸಲಿಲ್ಲ.

ಮರುದಿನ ಗೆಳೆಯ ಕುದಿಯುವ ನೀರಿನ ಪಾತ್ರೆಯನ್ನು ಕಾರಿನೊಳಗಿಟ್ಟು, ಕಿಟಕಿ ಏರಿಸಿ, ಗಾಜಿಗೆ ಹಬೆ ಹಿಡಿಸಿದ. ಗುಂಡಿ ಒತ್ತಿಸಿ, ಕರಗದೆ ಉಳಿದ ನಾಲ್ಕು ಗೆರೆಗಳನ್ನು ಗುರುತು ಮಾಡಿಕೊಂಡ. ಆಮೇಲೆ ತಂತಿ ಕಟ್ಟಿದ ಪುಟ್ಟ ಬಲ್ಬಿನ ಮೊನೆಯನ್ನು ಮೊದಲ ಗೆರೆಯ ಮೇಲೆ ಮೆಲ್ಲಗೆ ಜರುಗಿಸುತ್ತಾ ಹೋದ. ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಉರಿಯುತ್ತಾ ಬಂದ ಬಲ್ಬು ಒಂದು ಕಡೆ ಆರಿತು. ಎರಡನೆಯ ಗೆರೆಯಲ್ಲೂ ಅದರ ನೇರ ಕೆಳಗೇ ಆರಿತು. ಮೂರನೆಯದು, ನಾಲ್ಕನೆಯದು, ಎಲ್ಲ ಅಲ್ಲೇ.

"ಇಲ್ಲಿ ಯಾರೋ ಕೆರೆದವ್ರೆ. ಏನ್ಲಾ ಇತ್ತು ಇಲ್ಲಿ?"

ಅಲ್ಲೊಂದು ಸ್ಟಿಕರ್ ಇತ್ತು. ಹಳೇ ಯಜಮಾನರು ತಮ್ಮ ಇಬ್ಬರು ಮಕ್ಕಳ ಹೆಸರು ಬರೆಸಿ ಒಳಗಡೆಯಿಂದ ಅಂಟಿಸಿದ್ದು. ಆಯುಧಪೂಜೆಯ ಬೆಳಿಗ್ಗೆ ಅಮ್ಮ, "ಯಾರದೋ ಮಕ್ಕಳ ಹೆಸ್ರು ಇಟ್ಕಂಡು ನಾವು ಪೂಜೆ ಮಾಡಾದಾ? ತೆಗುದ್ಬುಡು" ಎಂದಿದ್ದಳು. ಗಡ್ಡದ ಬ್ಲೇಡಿನಿಂದ ಕೆರೆದೆ. ಅಂಟು ಬಿಡಲಿಲ್ಲವೆಂದು ಇನ್ನೂ ಒತ್ತಿ ಕೆರೆದೆ. ಆ ಜಾಗಕ್ಕೇ ಅರಿಶಿನ ಕುಂಕುಮ ಇಟ್ಟು ಕೈಮುಗಿದಿದ್ದೆ.

ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಒಳ್ಳೆ ಆಸಾಮಿ ಕಣ್ಲಾ ನೀನು! ನೀನೇ ಕುಯ್ದು ನನ್ನ ಕೇಳೀಯಲ್ಲ." ಹೋಟೆಲಿನ ಮಾತು ಅವನ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ನಾನೂ ಹೇಳಲಿಲ್ಲ, ಹೇಡಿ.

ಕರೆಂಟು ಹರಿಸುವ ಬೆಳ್ಳಿಯಂಥ ಬಣ್ಣ ತುಂಬಿದ ಪುಟ್ಟ ಶೀಶೆಯನ್ನು ಅವನು ಬೆಂಗಳೂರಿನಿಂದ ತರಿಸುವಷ್ಟರಲ್ಲಿ ವಾರ ಕಳೆಯಿತು. ಬಣ್ಣ ಹಚ್ಚಲು ಅವನ ಹೆಂಡತಿ ಬಂದಳು. ಬೊಂಬೆಗಳಿಗೆ ಕಣ್ಣು ಬರೆಯುವ ಕೈ ಅವಳದು. ಅವನು ಗೆರೆಯ ಎರಡೂ ಬದಿಗೆ ಟೇಪು ಹಚ್ಚಿಕೊಟ್ಟ, ಅವಳು ಕೂದಲೆಳೆಯ ಕುಂಚದಲ್ಲಿ ಕಡಿದ ತುದಿಗಳನ್ನು ಕೂಡಿಸಿದಳು. ಟೇಪಿನ ಸುರುಳಿ ತೆಗೆದುಕೊಂಡು ಅವನು ಅಂಗಡಿಯೊಳಗೆ ಹೋದ. ಅವಳು ಗಾಜಿನಿಂದ ಕಣ್ಣು ತೆಗೆಯದೆ, "ವ್ಯಾನಿನ ಕೆಲ್ಸ ತಪ್ಪೋಯ್ತು ಅಣ್ಣ. ನೀವೇನೋ ಅಂದ್ರಂತೆ" ಎಂದಳು.

ಅಲ್ಲಿಂದ ನೆಟ್ಟಗೆ ವ್ಯಾನಿನ ಮಾಲೀಕನ ಮನೆಗೆ ಹೋಗಿ ತಪ್ಪು ನನ್ನದೆಂದೆ. "ಬುಡಿ ಸಾ, ಇನ್ನೊಬ್ಬನಿಗೆ ಒಪ್ಪಿಸ್ಬುಟ್ಟೆ. ಹೇಳ್ದೋರು ನೀವೇ ತಾನೆ?" ಎಂದ. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಗಾಜು ಮತ್ತೆ ಕೆಡಲಿಲ್ಲ. ಕೆಲವು ತಿಂಗಳ ಮೇಲೆ ಹಾರನ್ ಕೆಟ್ಟಾಗ ಅವನ ಅಂಗಡಿಗೇ ಹೋದೆ. ಕಾಫಿಗೆ ಹೊರಟವನನ್ನು ತಡೆದ. "ಎಲ್ಲೂ ಹೋಗ್ಬ್ಯಾಡಿ ಸಾರ್. ಇಲ್ಲೇ ನಿಂತ್ಕಳಿ."

ಏನ್ಲಾ ಎನ್ನುತ್ತಿದ್ದ ಬಾಯಲ್ಲಿ ಈಗ ಸಾರ್. ಅಲ್ಲೇ ನಿಂತೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅವನು ನನ್ನ ಅಂಗೈಗೆ ಹಾಕಿದ. ಹಾರನ್ ಸರಿಮಾಡಿ, ಕೈ ಚಾಚಿ, "ಎಷ್ಟವೆ ನೋಡ್ಕಂಡು ಕೊಡಿ ಸಾರ್" ಎಂದ.

"ಏಳು" ಎಂದೆ. ಅವನು ಕೇಳುವ ಮೊದಲೇ ಎಣಿಸಿಟ್ಟುಕೊಂಡಿದ್ದೆ.