ಇಸ್ತ್ರಿ ಅಕ್ಕನ ಕಾಣದ ಕರಿಹಲಗೆ

ಬೆಳಗಿನ ಜಾವ. ಲಾಂಡ್ರಿಯ ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಬರುವ ಇಸ್ತ್ರಿ ಅಕ್ಕ ಮೊದಲು ಕಂಪ್ಯೂಟರಿನ ಮೇಲೆ ಕೂತ ಹತ್ತಿಯ ಧೂಳು ಒರೆಸುತ್ತಾರೆ. ಮಣಿಕಟ್ಟು ಕೆಟ್ಟು ಇಸ್ತ್ರಿ ಪೆಟ್ಟಿಗೆ ಬಿಟ್ಟು ವರ್ಷಗಳಾದವು. ಈಗ ಕೂತು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಹೆಸರು ಮಾತ್ರ ಎಣ್ಣೆ ಕಲೆಯ ಹಾಗೆ, ಹೋಗಿಲ್ಲ.

ಒಂದೇ ಕಂಪ್ಯೂಟರಿಗೆ ಮೂರು ಪರದೆ: ಬಟ್ಟೆ ತೆಗೆದುಕೊಳ್ಳುವಲ್ಲಿ ಒಂದು, ಒಗೆಯುವಲ್ಲಿ ಒಂದು, ಕೊಡುವಲ್ಲಿ ಒಂದು. ಮೂರು ಪ್ರೋಗ್ರಾಂಗಳೂ ಎಲ್ಲ ಲೆಕ್ಕ ಕೂಡಿಟ್ಟ ಒಂದೇ ಡೇಟಾಬೇಸ್ ಫೈಲಿಗೆ ಕೈ ಹಾಕುತ್ತವೆ. ಜುಟ್ಟು ಜುಟ್ಟು ಹಿಡಿಯದೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಅಕ್ಕ ಖಾಲಿ ಗೋಡೆ ತೋರಿಸುತ್ತಾರೆ.

“ಅಲ್ಲೊಂದು ಕರಿಹಲಗೆ ಇದೆ ಅನ್ಕೊಳ್ಳಿ. ಹೊಸದಾಗಿ ಬರೆದಿದ್ದು ಮೊದಲು ಪಕ್ಕದ ಇನ್ನೊಂದು ಫೈಲಲ್ಲಿ ಕೂರುತ್ತೆ. ಯಾವುದು ಎಲ್ಲಿದೆ ಅನ್ನೋ ಗುರುತು ಹಲಗೆ ಮೇಲೆ. ಓದೋರು ಎಷ್ಟು ಜನ ಬೇಕಾದ್ರೂ ಓದ್ಲಿ. ಬರೆಯೋನು ಒಂದು ಹೊತ್ತಿಗೆ ಒಬ್ಬನೇ. ಅವನು ಮುಗಿಸ್ಲಿ ಅಂತ ಓದೋರು ಕಾಯ್ಬೇಕಾಗಿಲ್ಲ.”

ಹಲಗೆ ಇರುವುದು ಆ ಕಂಪ್ಯೂಟರಿನ ಮೆಮೊರಿಯಲ್ಲಿ. ಅಲ್ಲೇ ಓಡುವ ಪ್ರೋಗ್ರಾಂಗಳು ಹಂಚಿಕೊಳ್ಳುವ ತುಂಡು ಅದು. ಬೇರೆ ಕಂಪ್ಯೂಟರಿಗೆ ಕಾಣದು. ಅಕ್ಕ ಇದನ್ನು ಬೈಸಿಕೊಂಡು ಕಲಿತರು.

ಕಳೆದ ತಿಂಗಳು, ಮಂಡಿನೋವಿನ ಲಾಂಡ್ರಿ ಯಜಮಾನರಿಗೆ ಮಹಡಿಯಲ್ಲೇ ಕೂತು ವ್ಯವಹಾರ ನೋಡುವ ಆಸೆ ಹುಟ್ಟಿತು. ಅಕ್ಕ ಹುರುಪಿನಲ್ಲಿ ಫೈಲನ್ನು ನೆಟ್‌ವರ್ಕಿನಲ್ಲಿ ಹಂಚಿ, ಮೇಲಿನ ಕಂಪ್ಯೂಟರಿಗೂ ಅದೇ ಪ್ರೋಗ್ರಾಂ ಹಾಕಿಕೊಟ್ಟರು. ಫೈಲು ಒಂದೇ, ಹಲಗೆ ಎರಡಾದವು. ಮೇಲೆ ಯಜಮಾನರು ಗೆಳೆಯ ವಕೀಲರ ಕೋಟು ದಾಖಲಿಸುವಾಗಲೇ ಕೆಳಗೆ ಮದುವೆ ಬ್ಯಾಂಡಿನವನ ಕೋಟು ಬಂತು. ಎರಡೂ ಕಡೆ ಅದೇ ಜಾಗ ಖಾಲಿ ಕಂಡಿತು. ಎರಡು ಕೋಟಿಗೂ ಒಂದೇ ನಂಬರು ಬಿತ್ತು. ವಕೀಲರು ಕೋರ್ಟಿನ ಬಾಗಿಲಲ್ಲಿ ಚೀಲ ಬಿಚ್ಚಿದರೆ ಕೆಂಪು ಕೋಟು, ಹೆಗಲಿಗೆ ಬಂಗಾರದ ಕುಚ್ಚು.

“ಹೊತ್ತಾಗಿತ್ತು, ಅದನ್ನೇ ಹಾಕ್ಕೊಂಡು ಹೋದ್ರಂತೆ. ಜಡ್ಜು, ‘ಕಹಳೆ ತಂದಿಲ್ವಾ?’ ಅಂದ್ರಂತೆ.” ಅಕ್ಕ ಸೆರಗಿನಲ್ಲಿ ನಗು ಅದುಮುತ್ತಾರೆ.

ಯಜಮಾನರು ನಗಲಿಲ್ಲ. ಹಳೆಯ ಇಸ್ತ್ರಿ ಪೆಟ್ಟಿಗೆ ತಂದು ಕೌಂಟರಿನ ಮೇಲೆ ಕುಕ್ಕಿದರು. “ಇನ್ನೊಂದ್ಸಲ ಹೀಗಾದ್ರೆ ಈ ಕಂಪ್ಯೂಟರ್ ಡಬ್ಬ ಮಾರ್ತೀನಿ ಅಕ್ಕಾ. ನೀವು ಮತ್ತೆ ಇಸ್ತ್ರಿ ಮೇಜಿಗೆ.” ಪೆಟ್ಟಿಗೆ ಎತ್ತಲಾಗದ ಮಣಿಕಟ್ಟಿಗೆ ಅದು ಕೆಲಸದಿಂದ ತೆಗೆದಂತೆಯೇ.

ಅಕ್ಕ ಅಂದೇ ಮೇಲಿನ ಪ್ರೋಗ್ರಾಂ ಕಿತ್ತರು. ಎರಡು ಕಡೆಯ ಬರಹಕ್ಕೆ ಕೆಟ್ಟಿದ್ದ ಫೈಲು ಮತ್ತೆ ಕೆಳಗಿನ ಕಂಪ್ಯೂಟರಿಗಷ್ಟೇ ಆಯಿತು, ಕೆಡುವ ಮೊದಲು ತೆಗೆದಿಟ್ಟ ಪ್ರತಿಯಿಂದ ಎದ್ದು ಕೂತಿತು. ಆಮೇಲೆ ಒಂದು ಕರವಸ್ತ್ರವೂ ಅದಲುಬದಲಾಗಿಲ್ಲ.

“ಎಷ್ಟು ಗಂಟು ಬಂತು?” ಮಧ್ಯಾಹ್ನದ ಹೊತ್ತಿಗೆ ಮಹಡಿಯಿಂದ ಯಜಮಾನರ ಕೂಗು ಬರುತ್ತದೆ. ಅಕ್ಕ ಪರದೆ ನೋಡಿ, ಕತ್ತೆತ್ತಿ ಅರಚುತ್ತಾರೆ: “ಮೂವತ್ತೆರಡು ಸಾರ್!”

“ಫೈಲು ಮುಟ್ಟೋದು ಇಲ್ಲಿರೋರೇ,” ಅಕ್ಕ ಇತ್ತ ತಿರುಗಿ ಹೇಳುತ್ತಾರೆ. “ಮೇಲಿನವ್ರು ಕೇಳ್ಲಿ, ನಾವು ಓದಿ ಹೇಳ್ತೀವಿ. ಸದ್ಯಕ್ಕೆ ನನ್ನ ಗಂಟಲೇ ನೆಟ್‌ವರ್ಕಿನ ತಂತಿ.”

ಇಸ್ತ್ರಿ ಪೆಟ್ಟಿಗೆ ಇನ್ನೂ ಕೌಂಟರಿನ ಮೇಲಿದೆ. ಫ್ಯಾನಿನ ಗಾಳಿಗೆ ರಸೀದಿ ಹಾರದಂತೆ ಅದನ್ನು ಮೇಲಿಟ್ಟಿದ್ದಾರೆ.

“ಪಾಪ, ಅದಕ್ಕೂ ಕೊನೆಗೆ ಕೂತು ಮಾಡೋ ಕೆಲಸ ಸಿಕ್ತು ನೋಡಿ,” ಎನ್ನುತ್ತಾರೆ ಅಕ್ಕ.